ಚೆವಾಪಿ ಗ್ರಿಲ್ ಮೇಲೆ ಒಡೆಯೋದು ನಿಂತಿದ್ದು ಹೀಗೆ

ಬೋಸ್ನಿಯಾ, ಸರ್ಬಿಯಾ ಕಡೆಯ ಚೆವಾಪಿ (ಕೆಂಡದ ಮೇಲೆ ಸುಡೋ ಬೆರಳುದ್ದದ ಕೈಮಾ ಕಬಾಬ್) ಮನೇಲಿ ಮಾಡಿದಾಗೆಲ್ಲ ಗ್ರಿಲ್ ಮೇಲೆ ತಿರುಗಿಸುವಾಗ ಒಡೆದು ಪುಡಿ ಉದುರ್ತಿತ್ತು, ತಿಂದ್ರೆ ಒಣ ಒಣ. ಮೊಟ್ಟೆ, ಬ್ರೆಡ್ ಪುಡಿ ಹಾಕಿ ಅಂತಾರೆ ಕೆಲವರು, ದಯವಿಟ್ಟು ಬೇಡ, ಅದು ಕಟ್ಲೆಟ್ ಆಗೋಗತ್ತೆ. ಶೇ 20ರಷ್ಟು ಕೊಬ್ಬಿರೋ ಬೀಫ್ ಕೈಮಾ 1 ಕೆಜಿ ತಗೊಂಡು 18 ಗ್ರಾಂ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ತಣ್ಣೀರು ಹಾಕಿ, ಅಂಗೈಗೆ ಅಂಟ್ಕೊಂಡು ಎಳೆ ಎಳೆಯಾಗಿ ಬರೋವರ್ಗೂ ನಾದಿ ರಾತ್ರಿಯೆಲ್ಲ ಫ್ರಿಜ್ಜಲ್ಲಿಟ್ಟೆ. ಉಪ್ಪು ಬಿದ್ರೆ ಮಾಂಸದ ಪ್ರೋಟೀನೇ ಅಂಟಾಗತ್ತೆ, ಅದೇ ಗುಟ್ಟು. ಬೆರಳುದ್ದ ಉಂಡೆ ಉರುಳಿಸಿ ಜೋರು ಕೆಂಡದ ಮೇಲಿಟ್ಟು, ಕಂಬಿಯಿಂದ ತಾನಾಗೇ ಬಿಡೋವರ್ಗೂ ಮುಟ್ಲಿಲ್ಲ. ಒಂದೂ ಒಡೀಲಿಲ್ಲ, ಕಚ್ಚಿದ್ರೆ ರಸ! ಬೋಸ್ನಿಯಾದ ರಾಜಧಾನಿ ಸಾರಾಯೆವೊದಲ್ಲಿ ಸೋಮುನ್ ಅನ್ನೋ ಮೆತ್ತನೆ ರೊಟ್ಟಿಯೊಳಗೆ ಇಟ್ಟು ಹೆಚ್ಚಿದ ಹಸಿ ಈರುಳ್ಳಿ ಜೊತೆ ಕೊಡ್ತಾರೆ, ನೀವೂ ಹಾಗೇ ತಿನ್ನಿ, ಕೆಚಪ್ ಮಾತ್ರ ಬೇಡ.