ನರ ಕತ್ತರಿಸುವ ಮೊದಲು ಚುಚ್ಚುವ ಒಂದು ಸೂಜಿ

ಹೆಬ್ಬೆರಳಿನ ಬುಡದ ಕೀಲು ಸವೆದು, ಬಟ್ಟೆ ಹಿಂಡಲೂ ಬೀಗ ತಿರುಗಿಸಲೂ ಆಗದೆ ಬರುವವರಿಗೆ ನಾನು ಫಿಸಿಯೋಥೆರಪಿ ಕೊಡುತ್ತೇನೆ. ಅವರಲ್ಲಿ ಕೆಲವರಿಗೆ ವೈದ್ಯರು ಡಿನರ್ವೇಶನ್ ಸೂಚಿಸಿರುತ್ತಾರೆ. ಕೀಲಿನ ನೋವನ್ನು ಮಿದುಳಿಗೆ ಮುಟ್ಟಿಸುವ ಸಣ್ಣ ನರದ ಎಳೆಗಳನ್ನಷ್ಟೇ ಕತ್ತರಿಸುವ ಶಸ್ತ್ರಚಿಕಿತ್ಸೆ ಇದು. ಮೂಳೆ ತೆಗೆಯುವುದಿಲ್ಲ, ಕೀಲನ್ನು ಬೆಸೆಯುವುದಿಲ್ಲ, ಬೆರಳು ಆಡಿಸುವ ನರಗಳನ್ನು ಹಾಗೆಯೇ ಉಳಿಸುತ್ತಾರೆ. ಮಣಿಕಟ್ಟಿಗೆ ಈ ಚಿಕಿತ್ಸೆಯನ್ನು ಜರ್ಮನಿಯ ಆಲ್ಬ್ರೆಕ್ಟ್ ವಿಲ್ಹೆಲ್ಮ್ 1966ರಲ್ಲೇ ವಿವರಿಸಿದ್ದರು. ಹೊಸ ಪ್ರಯೋಗವೇನೋ ಎಂದು ಅಂಜುವವರು ಇದನ್ನು ತಿಳಿದಿರಲಿ.

ಮೊದಲ ಹೆಜ್ಜೆ: ನೋವು ಯಾವುದರದ್ದು ಎಂದು ಖಚಿತಪಡಿಸಿಕೊಳ್ಳಿ. ಸವೆತದ ಸಂಧಿವಾತಕ್ಕೆ ಇದು ಹೊಂದುತ್ತದೆ. ಕೀಲುಗಳು ಊದಿ ಬಿಸಿಯಾಗಿರುವ ರುಮಟಾಯ್ಡ್‌ಗೆ ಮೊದಲು ಔಷಧಿಯೇ ಬೇಕು. ರಾತ್ರಿ ಬೆರಳುಗಳಿಗೆ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ) ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಎರಡನೆಯದು: ಮೂರು ತಿಂಗಳು ಸ್ಪ್ಲಿಂಟ್ (ಕೀಲು ಅಲುಗದಂತೆ ಹಿಡಿದಿಡುವ ಗಟ್ಟಿ ಆಸರೆ) ಮತ್ತು ವ್ಯಾಯಾಮ. ಅಯಸ್ಕಾಂತ ಸೇರಿಸಿದ್ದೇವೆಂದು ಮಾರುವ ಎಲಾಸ್ಟಿಕ್ ಪಟ್ಟಿಗೆ ಹಣ ಹಾಕಬೇಡಿ. ಹಿಗ್ಗುವ ಪಟ್ಟಿ ಹೆಬ್ಬೆರಳಿನ ಬುಡವನ್ನು ಹಿಡಿದು ನಿಲ್ಲಿಸುವುದಿಲ್ಲ.

ಮೂರನೆಯದು ಪರೀಕ್ಷಾ ಚುಚ್ಚುಮದ್ದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮುಂದೆ ಕತ್ತರಿಸಬೇಕಾದ ನರಗಳ ಪಕ್ಕದಲ್ಲಿ ಮರಗಟ್ಟಿಸುವ ಔಷಧಿ ಹಾಕುತ್ತಾರೆ. ನೋವು ಇಳಿದರೆ ಶಸ್ತ್ರಚಿಕಿತ್ಸೆಯೂ ಫಲಿಸುವ ಸಾಧ್ಯತೆ ಹೆಚ್ಚು. ಒಬ್ಬ ಅಜ್ಜಿ ಚುಚ್ಚಿಸಿಕೊಂಡು ನೇರ ಮನೆಗೆ ಹೋಗಿ, ಕೈಯನ್ನು ದಿಂಬಿನ ಮೇಲಿಟ್ಟು ಸಂಜೆಯವರೆಗೆ ಮಲಗಿದ್ದರು. ಮರುದಿನ ‘ನೋವೇ ಇರಲಿಲ್ಲ’ ಎಂದರು. ಮಲಗಿದಾಗ ಅವರಿಗೆ ಮೊದಲೂ ನೋವಿರಲಿಲ್ಲ! ಪರೀಕ್ಷೆಯನ್ನು ಮತ್ತೆ ಮಾಡಬೇಕಾಯಿತು.

ಹಾಗಾಗಬಾರದೆಂದರೆ, ಅಂದು ಬೆಳಿಗ್ಗೆ ನೋವಿನ ಮಾತ್ರೆ ಬಿಡಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಚುಚ್ಚುಮದ್ದಿನಲ್ಲಿ ಊತ ಇಳಿಸುವ ಸ್ಟೀರಾಯ್ಡ್ ಬೆರೆಸುತ್ತಾರೆಯೇ ಎಂದೂ ವಿಚಾರಿಸಿ. ಬೆರೆಸಿದರೆ ವಾರಗಟ್ಟಲೆ ನೋವು ತಗ್ಗಿರಬಹುದು, ಅದು ನರ ಮರಗಟ್ಟಿದ್ದರಿಂದಲೋ ಸ್ಟೀರಾಯ್ಡ್‌ನಿಂದಲೋ ಯಾರಿಗೂ ತಿಳಿಯುವುದಿಲ್ಲ. ಒದ್ದೆ ಟವೆಲ್, ಬಿಗಿ ಮುಚ್ಚಳದ ಬಾಟಲಿ, ಬೀಗ ಮತ್ತು ಕೀಲಿಕೈಯನ್ನು ಚೀಲದಲ್ಲಿ ಒಯ್ಯಿರಿ. ಚುಚ್ಚುವ ಮೊದಲು ಒಂದೊಂದನ್ನೂ ಮಾಡಿ, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯಿರಿ. ಇಪ್ಪತ್ತು ನಿಮಿಷದ ನಂತರ ಅದನ್ನೇ ಮಾಡಿ, ಆಮೇಲೆ ಅರ್ಧ ಗಂಟೆಗೊಮ್ಮೆ. ಮರಗಟ್ಟಿಸುವ ಔಷಧಿಗಳಲ್ಲಿ ಲಿಗ್ನೋಕೇನ್ ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ, ಬುಪಿವಕೇನ್ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಯಾವುದು ಹಾಕಿದರೆಂದು ಕೇಳಿ ಬರೆದುಕೊಳ್ಳಿ. ಹಿಡಿತದ ಬಲವನ್ನೂ ಯಂತ್ರದಲ್ಲಿ ಎರಡು ಬಾರಿ ಅಳೆಸಿ. ನೋವು ಹೋದಾಗ ಹಿಡಿತ ಹೆಚ್ಚಿದರೆ ಅದು ಒಳ್ಳೆಯ ಸೂಚನೆ. ಆದರೆ ಮುದ್ದೆ ತಿರುವಿ ನೋಡುತ್ತೇನೆಂದು ಒಲೆಯ ಮುಂದೆ ನಿಲ್ಲಬೇಡಿ, ಈಳಿಗೆಮಣೆಯನ್ನೂ ಮುಟ್ಟಬೇಡಿ. ಚರ್ಮ ಮರಗಟ್ಟಿರುವಾಗ ಸುಟ್ಟರೂ ಕುಯ್ದರೂ ಗೊತ್ತಾಗುವುದಿಲ್ಲ.

ನೋವು ಅರ್ಧದಷ್ಟಾದರೂ ಇಳಿಯದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ನಾಲ್ಕನೆಯದು ಶಸ್ತ್ರಚಿಕಿತ್ಸೆ: ಅದು ವೈದ್ಯರ ಕೆಲಸ, ಸಾಮಾನ್ಯವಾಗಿ ಅಂದೇ ಮನೆಗೆ ಕಳಿಸುತ್ತಾರೆ. ಎರಡೂ ಕೈಗೆ ಒಟ್ಟಿಗೆ ಮಾಡಿಸಬೇಡಿ, ಊಟಕ್ಕೂ ಸ್ನಾನಕ್ಕೂ ಒಂದು ಕೈ ಬೇಕು.

ಕೊನೆಯದು ಆರೈಕೆ. ಕೈಯನ್ನು ಎದೆಗಿಂತ ಎತ್ತರದಲ್ಲಿಡಿ, ವೈದ್ಯರು ಬೇಡವೆನ್ನದಿದ್ದರೆ ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಿ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಬಟ್ಟೆ ಹಿಂಡುವಂಥ ಕೆಲಸ ಆರು ವಾರ ಬೇಡ. ಗಾಯದ ಸುತ್ತ ಚರ್ಮ ಸ್ವಲ್ಪ ಜೋಮು ಹಿಡಿದಿದ್ದರೆ ಗಾಬರಿ ಬೇಡ. ಆದರೆ ಮುಟ್ಟಿದಾಗಲೆಲ್ಲ ವಿದ್ಯುತ್ ಹೊಡೆದಂತಾಗುತ್ತಿದ್ದರೆ, ಕತ್ತರಿಸಿದ ನರದ ತುದಿ ಗಂಟುಕಟ್ಟಿರಬಹುದು, ವೈದ್ಯರಿಗೆ ತೋರಿಸಿ. ಕೀಲಿನ ಸವೆತವನ್ನು ಈ ಚಿಕಿತ್ಸೆ ನಿಲ್ಲಿಸುವುದಿಲ್ಲ, ಕಾಲಾಂತರದಲ್ಲಿ ನೋವು ಮರಳಲೂಬಹುದು. ಆಗಲೂ ಬುಡದ ಸಣ್ಣ ಮೂಳೆ ತೆಗೆಸುವ, ಕೀಲು ಬೆಸೆಯಿಸುವ ದಾರಿಗಳು ತೆರೆದೇ ಇರುತ್ತವೆ.