ಎಮ್ಮೆ ಹೊರಗೆ ಬರಲು 19 ದಿನ

ಹತ್ತು ತುಂಡು ಕಟ್ಟಿಗೆ, ಎರಡು ಖಾಲಿ ಮನೆ. ತುಂಡು ಸರಿಸಿ ಸರಿಸಿ ದೊಡ್ಡದನ್ನು ಬಾಗಿಲಿಗೆ ತರಬೇಕು. ಇಷ್ಟೇ ಆಟ. ಮನೆಗೆ ಬಂದವರೆಲ್ಲ ಅದನ್ನು ಕೈಗೆ ತಗೊಂಡು ಮೊದಲು ಹೇಳುವ ಮಾತು ಒಂದೇ: "ಇದರಾಗ ಏನೈತ್ರಿ?" ಹತ್ತು ನಿಮಿಷ ಆದ ಮೇಲೆ ಅವರಿಗೆ ಕೊಟ್ಟ ಚಹಾ ಆರಿ ಹೋಗಿರುತ್ತದೆ. ನನಗೆ 19 ದಿನ ಹಿಡಿಯಿತು.

ಈ ಹುಚ್ಚು ಹತ್ತಿದ್ದು ಬನಶಂಕರಿ ಜಾತ್ರೆಯಲ್ಲಿ. ನಾನಾಗ ಐದನೇ ಕ್ಲಾಸು. ಅಪ್ಪ ಒಂದು ಪ್ಲಾಸ್ಟಿಕ್ ನಂಬರ್ ಆಟ ಕೊಡಿಸಿದ್ದರು. ಅಂಗೈಯಷ್ಟು ಚೌಕಟ್ಟು, 1ರಿಂದ 15ರವರೆಗಿನ ಬಿಲ್ಲೆ, ಒಂದು ಮನೆ ಖಾಲಿ. ಬಿಲ್ಲೆ ಸರಿಸುತ್ತಾ ನಂಬರುಗಳನ್ನು ಕ್ರಮಕ್ಕೆ ತರಬೇಕು. ಬಾದಾಮಿಯಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲೇ ಶುರು ಮಾಡಿದೆ. ಒಂದು ವಾರದಲ್ಲಿ ಕೈ ಕುದುರಿತು. ಮೊದಲ ಸಾಲು ಕೂರಿಸುವುದು, ಅದನ್ನು ಹಾಗೇ ಬಿಟ್ಟು ಎರಡನೇ ಸಾಲಿಗೆ ಇಳಿಯುವುದು. ಆಮೇಲೆ ಒಂದು ದಿನ ಅಣ್ಣ ಚಮಚದ ಹಿಡಿಯಿಂದ ಬಿಲ್ಲೆಗಳನ್ನೆಲ್ಲ ಎಬ್ಬಿಸಿ, ಮನಸ್ಸಿಗೆ ಬಂದಂತೆ ಮತ್ತೆ ಕೂರಿಸಿಟ್ಟ. ಅವತ್ತಿನಿಂದ ಆಟ ಮುಗಿಯಲೇ ಇಲ್ಲ. ಎಲ್ಲಾ ಸರಿಯಾಗಿ ಬಂದು ಕೊನೆಯ ಸಾಲಿನಲ್ಲಿ 13, 15, 14 ಅಂತ ನಿಲ್ಲುತ್ತಿತ್ತು. ಬೇಸಿಗೆ ರಜೆ ಪೂರ್ತಿ ಅದರಲ್ಲೇ ಹೋಯಿತು. ನನ್ನಲ್ಲೇ ಏನೋ ಕಮ್ಮಿ ಇದೆ ಅಂತ ಅಳುವೇ ಬಂದಿತ್ತು.

ಕಮ್ಮಿ ಇದ್ದದ್ದು ನನ್ನಲ್ಲಿ ಅಲ್ಲ ಅಂತ ಗೊತ್ತಾಗಿದ್ದು ಡಿಗ್ರಿ ಓದುವಾಗ. ಒಂದು ಬಿಲ್ಲೆ ಸರಿಸಿದರೆ ಆ ಬಿಲ್ಲೆಗೂ ಖಾಲಿ ಮನೆಗೂ ಜಾಗ ಅದಲುಬದಲಾಗುತ್ತದೆ, ಅಲ್ವಾ? ಖಾಲಿ ಮನೆ ಹೊರಟ ಮೂಲೆಗೇ ವಾಪಸ್ ಬರಬೇಕು ಅಂದರೆ ಎಷ್ಟು ಸಲ ಮೇಲೆ ಹೋಯಿತೋ ಅಷ್ಟೇ ಸಲ ಕೆಳಗೆ ಬರಬೇಕು, ಎಷ್ಟು ಸಲ ಎಡಕ್ಕೋ ಅಷ್ಟೇ ಸಲ ಬಲಕ್ಕೆ. ಹಾಗಾಗಿ ಅದಲುಬದಲಿನ ಲೆಕ್ಕ ಯಾವಾಗಲೂ ಸಮಸಂಖ್ಯೆ. 14 ಮತ್ತು 15 ಎರಡೇ ಜಾಗ ಬದಲಿಸಬೇಕು ಅಂದರೆ ಬೆಸಸಂಖ್ಯೆ ಬೇಕು. ಎಷ್ಟು ವರ್ಷ ಆಡಿದರೂ ಆಗುವುದಿಲ್ಲ. ಜಾನ್ಸನ್ ಮತ್ತು ಸ್ಟೋರಿ ಅನ್ನುವ ಇಬ್ಬರು ಇದನ್ನು 1879ರಲ್ಲೇ ತೋರಿಸಿದ್ದರು. ಆದರೂ 1880ರಲ್ಲಿ ಅಮೆರಿಕ, ಯುರೋಪಿನ ತುಂಬ ಜನ ಈ ಆಟಕ್ಕೆ ಮರುಳಾಗಿದ್ದರು. ಆಟವನ್ನು ಮೊದಲು ಮಾಡಿದವರು ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್‌ಮನ್. ಹೆಸರು ಹೊಡೆದುಕೊಂಡಿದ್ದು ಒಗಟು ಕಟ್ಟುತ್ತಿದ್ದ ಸ್ಯಾಮ್ ಲಾಯ್ಡ್. ಆತ 14-15 ಬಿಡಿಸಿದವರಿಗೆ 1000 ಡಾಲರ್ ಬಹುಮಾನವನ್ನೂ ಕಟ್ಟಿದ್ದ. ಇದನ್ನು ಓದಿದ ದಿನ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೆ ಆ ಚಮಚ ನೆನಪೇ ಇರಲಿಲ್ಲ.

ಹತ್ತು ತುಂಡಿನ ಆಟ ಸಿಕ್ಕಿದ್ದು ಬಹಳ ತಡವಾಗಿ, ಮೊಬೈಲಿನಲ್ಲಿ. ಕ್ಲೋಟ್ಸ್ಕಿ ಅಂತ ಹೆಸರು. 1991ರಲ್ಲೇ ವಿಂಡೋಸ್ ಕಂಪ್ಯೂಟರಿಗೂ ಬಂದಿತ್ತು. ಮೊಬೈಲಿನಲ್ಲಿ ಒಂದು ತಾಪತ್ರಯ ಏನಂದರೆ ಬೆರಳು ತಲೆಗಿಂತ ಮುಂದೆ ಓಡುತ್ತದೆ. ಸುಮ್ನೆ ಸರಿಸುತ್ತಾ ಹೋಗುತ್ತೇವೆ, ಏನು ಮಾಡಿದೆವು ಅನ್ನುವುದು ನೆನಪಿರುವುದಿಲ್ಲ. ಹಾಗಾಗಿ ಕಟ್ಟಿಗೆಯಲ್ಲಿ ಮಾಡಿಸಬೇಕು ಅನ್ನಿಸಿತು.

ಕಟ್ಟಿಗೆ ಮನೆಯಲ್ಲೇ ಇತ್ತು. ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಬಾಗಿಲ ಚೌಕಟ್ಟನ್ನು ಬಿಚ್ಚಿ ನವನಗರಕ್ಕೆ ತಂದಿದ್ದೆವು. ಹೊಸ ಮನೆಗೆ ಅದು ಹೊಂದಲಿಲ್ಲ, ಮಾಳಿಗೆ ಮೇಲೆ ಬಿದ್ದಿತ್ತು. ಅಪ್ಪಟ ಸಾಗವಾನಿ. ನಮ್ಮ ಓಣಿಯ ಬಡಿಗ ಕಾಕಾನ ಹತ್ತಿರ ಒಯ್ದೆ. ಮೂರು ಸೆಂಟಿಮೀಟರಿಗೆ ಒಂದು ಮನೆ ಅಂತ ಲೆಕ್ಕ. ಎರಡು ಮನೆ ಅಗಲ, ಎರಡು ಮನೆ ಉದ್ದದ ದೊಡ್ಡ ತುಂಡು ಒಂದು. ಉದ್ದನೆಯವು ಐದು. ಸಣ್ಣ ಚೌಕ ನಾಲ್ಕು. ತಟ್ಟೆ ಮಾತ್ರ ಸರಿಯಾಗಿ 12ಕ್ಕೆ 15 ಇರಲಿ ಅಂದೆ.

"ಹಂಗ ಬ್ಯಾಡ್ರಿ, ಒಂದ್ ಸ್ವಲ್ಪ ಸಡ್ಲ ಬಿಡೂಣು," ಅಂದ ಕಾಕಾ.

ನಾನು ಕೇಳಲಿಲ್ಲ. ಮೊದಲ ಮಳೆಗೇ ತುಂಡುಗಳು ಉಬ್ಬಿ ಕಚ್ಚಿಕೊಂಡವು. ಅಷ್ಟು ಹಳೆಯ ಕಟ್ಟಿಗೆಯೂ ಉಬ್ಬುತ್ತದೆ. ಮತ್ತೆ ಕಾಕಾನ ಹತ್ತಿರವೇ ಹೋದೆ. ಎರಡೂ ಕಡೆ ಮೂರು ಮಿಲಿಮೀಟರ್ ಸಡಿಲ ಬಿಟ್ಟು ತಟ್ಟೆ ಹೊಸದಾಗಿ ಮಾಡಿದ. ಪಾಲಿಶ್ ಪೇಪರಿನಿಂದ ಪ್ರತಿ ತುಂಡಿನ ಮೂಲೆ ಸ್ವಲ್ಪ ದುಂಡಗೆ ಮಾಡಿ, ಅಡಿಗೆ ಮೇಣದ ಬತ್ತಿ ಉಜ್ಜಿದ. ಈ ಮೂಲೆ ದುಂಡಗೆ ಮಾಡುವ ಕೆಲಸ ಬಹಳ ಮುಖ್ಯ. ಮೂಲೆ ಚೂಪಾಗಿದ್ದರೆ ಪಕ್ಕದ ತುಂಡು ಒಂದು ಕೂದಲೆಳೆಯಷ್ಟು ಓರೆಯಾದರೂ ಸಾಕು, ತಡೆದು ನಿಲ್ಲುತ್ತದೆ. ಈಗ ಒಂದು ಬೆರಳಿನಿಂದ ದೂಡಿದರೆ 'ಸುರ್' ಅಂತ ಸರಿದು, ಕೊನೆಗೆ 'ಟಕ್' ಅನ್ನುತ್ತದೆ. ಆ ಟಕ್ ಸದ್ದಿಗೇ ಕೈ ಮತ್ತೆ ಮತ್ತೆ ಹೋಗುತ್ತದೆ.

ಚೀನಾದಲ್ಲಿ ದೊಡ್ಡ ತುಂಡಿಗೆ ತ್ಸಾವ್ ತ್ಸಾವ್ ಅನ್ನುವ ಸೇನಾಧಿಪತಿಯ ಹೆಸರು. ಸೋತು ಓಡುತ್ತಿರುವ ಅವನು ಶತ್ರುಗಳ ನಡುವೆ ತಪ್ಪಿಸಿಕೊಂಡು ಹೋಗಬೇಕು. ಫ್ರಾನ್ಸಿನಲ್ಲಿ ಅದು ಕೆಂಪು ಕತ್ತೆ. ಜಪಾನಿನಲ್ಲಿ ಮನೆಯವರು ಹೊರಗೆ ಬಿಡದ ಮಗಳು. ನಮ್ಮ ಮಗಳು ಎಮ್ಮೆ ಅಂತ ಹೆಸರಿಟ್ಟಳು. ನಿಂತ ನಾಲ್ಕು ಉದ್ದ ತುಂಡು ಕೊಟ್ಟಿಗೆಯ ಕಂಬ, ಅಡ್ಡ ಮಲಗಿದ್ದು ಅಗಳಿ, ಸಣ್ಣವು ಕರು. ಶುರುವಿನಲ್ಲಿ ಎಮ್ಮೆ ಮೇಲೆ ನಡುವೆ ನಿಂತಿರುತ್ತದೆ, ಎಡಬಲಕ್ಕೆ ಎರಡೆರಡು ಕಂಬ. ಎಮ್ಮೆಯ ಕೆಳಗೆ ಅಗಳಿ, ಅದರ ಕೆಳಗೆ ಎರಡು ಕರು, ಕೆಳಗಿನ ಎರಡು ಮೂಲೆಗೆ ಒಂದೊಂದು ಕರು. ಬಾಗಿಲು ಇರುವುದು ಕೆಳಗೆ ನಡುವೆ, ಎರಡು ಖಾಲಿ ಮನೆ ಅದರ ಮುಂದೆಯೇ. ಯಾವ ತುಂಡನ್ನೂ ಎತ್ತುವ ಹಾಗಿಲ್ಲ, ಸರಿಸಿ ಸರಿಸಿಯೇ ಎಮ್ಮೆಯನ್ನು ಬಾಗಿಲಿಗೆ ತರಬೇಕು. ದಿನಾ ಸಂಜೆ ನಮ್ಮ ಮನೆಯವಳು ಒಳಗಿನಿಂದ ಕೇಳುವುದು, "ಎಮ್ಮಿ ಹೊರಗ ಬಂತೇನ್ರಿ?"

ಮೊದಲ ವಾರ ನಾನು ಮಾಡಿದ್ದೆಲ್ಲ ನಂಬರ್ ಆಟದ ರೂಢಿಯಿಂದ. ಎಮ್ಮೆಯನ್ನು ಒಂದು ಹೆಜ್ಜೆ ಕೆಳಗೆ ತಂದರೆ ಅದನ್ನು ಅಲ್ಲೇ ಹಿಡಿದಿಟ್ಟುಕೊಳ್ಳುವುದು. ಮೇಲೆ ಹೋಗಲು ಬಿಡುತ್ತಿರಲಿಲ್ಲ. ಬಾಗಿಲಿಗೆ ಒಂದೇ ಸಾಲು ಇದೆ ಅನ್ನುವಾಗ ಎಲ್ಲಾ ಜಾಮ್. ಎಂಟನೇ ದಿನವೂ ಅದೇ ಜಾಗ, ಅದೇ ಜಾಮ್.

ಇಲ್ಲಿ ಒಂದು ಲೆಕ್ಕ ಹೇಳಬೇಕು, ನನಗೆ ಬಹಳ ಇಷ್ಟದ ಲೆಕ್ಕ. 15ರ ಆಟದಲ್ಲಿ ಸರಿಸುತ್ತಾ ತಲುಪಬಹುದಾದ ಜೋಡಣೆಗಳು 10 ಲಕ್ಷ ಕೋಟಿಗಿಂತ ಜಾಸ್ತಿ. ಎಮ್ಮೆ ಆಟದಲ್ಲಿ, ಒಂದೇ ಆಕಾರದ ತುಂಡುಗಳನ್ನು ಒಂದೇ ಅಂತ ತಗೊಂಡರೆ, ಬರೀ 25,955. ಆದರೆ ಹತ್ತು ವರ್ಷದ ನನಗೆ ಒಂದು ವಾರದಲ್ಲಿ ಬಂದಿದ್ದು 15ರ ಆಟ. ಅಲ್ಲಿ ಒಂದು ಸಾಲು ಗೆದ್ದರೆ ಅದು ನಿಮ್ಮದು, ಕೊನೆವರೆಗೂ ಇರುತ್ತದೆ. ಇಲ್ಲಿ ಯಾವ ತುಂಡನ್ನೂ ಇದರ ಕೆಲಸ ಮುಗಿಯಿತು ಅಂತ ಪಕ್ಕಕ್ಕೆ ಇಡಲು ಬರುವುದಿಲ್ಲ. ಇರುವುದು ಎರಡೇ ಖಾಲಿ ಮನೆ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ಇಂಥ ಆಟಗಳಿಗೆ ಎಲ್ಲಾ ಕಡೆ ನಡೆಯುವ ಸುಲಭದ ದಾರಿ ಕಂಪ್ಯೂಟರಿಗೂ ಸಿಕ್ಕಿಲ್ಲ. ಮಣೆ ದೊಡ್ಡದಾದಂತೆ, ತುಂಡುಗಳೆಲ್ಲ ಬರೀ ಎರಡು ಮನೆಯವೇ ಆಗಿದ್ದರೂ, ಲೆಕ್ಕ ಭಯಂಕರ ಕಠಿಣ ಅಂತ 2005ರಲ್ಲಿ ಹರ್ನ್ ಮತ್ತು ಡಿಮೇನ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ತೋರಿಸಿಕೊಟ್ಟರು.

ಹನ್ನೆರಡನೇ ದಿನ ನಾನು ತುಂಡು ನೋಡುವುದನ್ನು ಬಿಟ್ಟೆ. ಖಾಲಿ ಮನೆಗಳನ್ನೇ ನೋಡತೊಡಗಿದೆ. ಅವೆರಡು ಅಡ್ಡಕ್ಕೆ ಒಂದರ ಪಕ್ಕ ಒಂದು ಇದ್ದರೆ ಅಗಳಿ, ಎಮ್ಮೆ ಮೇಲೆ ಕೆಳಗೆ ಹೋಗಬಲ್ಲವು. ಒಂದರ ಮೇಲೊಂದು ಇದ್ದರೆ ಕಂಬ, ಎಮ್ಮೆ ಪಕ್ಕಕ್ಕೆ ಸರಿಯಬಲ್ಲವು. ಬೇರೆ ಬೇರೆಯಾದವೋ, ಎಮ್ಮೆ ಅಲ್ಲಾಡುವುದಿಲ್ಲ. ನನ್ನ ಜಾಮ್‌ಗಳೆಲ್ಲ ಖಾಲಿ ಮನೆ ಎರಡು ದಿಕ್ಕಿಗೆ ಹೋದಾಗ ಆಗುತ್ತಿದ್ದವು. ಅವು ಯಾಕೆ ಬೇರೆಯಾಗುತ್ತವೆ ಅಂತ ನೋಡಿದರೆ, ಕರುಗಳಿಂದ. ಒಂಟಿ ಕರು ಒಂದು ಕಡೆ ಹೋಗಿ ಕೂತರೆ ಅದರ ಪಕ್ಕದಲ್ಲಿ ಒಂದು ಖಾಲಿ ಮನೆ ಸಿಕ್ಕಿಬೀಳುತ್ತದೆ. ಆಮೇಲೆ ಕರುಗಳನ್ನು ಜೋಡಿಯಾಗಿ ಇಟ್ಟುಕೊಂಡು ಆಡಿದೆ. ಎರಡು ಕರು ಒಟ್ಟಿಗೆ ಇದ್ದರೆ ಅವು ಬೇಕಾದಾಗ ಅಗಳಿಯ ಜಾಗ ತುಂಬುತ್ತವೆ, ಬೇಕಾದಾಗ ಕಂಬದ ಜಾಗ. ಎಮ್ಮೆ ಮೇಲೆ ಹೋಗಬೇಕು ಅಂದರೆ ಹೋಗಲಿ ಅಂತ ಬಿಟ್ಟೆ.

ಹತ್ತೊಂಬತ್ತನೇ ದಿನ ರಾತ್ರಿ ಕರೆಂಟ್ ಹೋಗಿತ್ತು. ಮೊಬೈಲ್ ಬ್ಯಾಟರಿ ಬೆಳಕಿನಲ್ಲಿ ಆಡುತ್ತಿದ್ದೆ. ಎಮ್ಮೆ ಕೆಳಗಿನ ಎಡ ಮೂಲೆಗೆ ಬಂತು. ಅದರ ಬಲಕ್ಕೆ ಎರಡು ಖಾಲಿ ಮನೆ, ಒಂದರ ಮೇಲೊಂದು. ಕೈ ಹಿಂದೆ ತಗೊಂಡು ಒಂದು ನಿಮಿಷ ಹಾಗೇ ಕೂತೆ. ಆಮೇಲೆ ಬೆರಳಿಟ್ಟು ಸರಿಸಿದೆ. ಟಕ್. ಒಳಗಿನಿಂದ ಕೇಳುವ ಮೊದಲೇ "ಬಂತು!" ಅಂತ ಕೂಗಿದೆ.

ಮರುದಿನದಿಂದ ಹುಣಸೆ ಬೀಜ ಇಟ್ಟುಕೊಂಡು ನಡೆ ಎಣಿಸತೊಡಗಿದೆ. ಒಂದು ತುಂಡನ್ನು ಒಂದು ಸಲಕ್ಕೆ ಎಷ್ಟು ದೂರ ಸರಿಸಿದರೂ ಒಂದು ಬೀಜ. ಮೊದಲ ಸಲ 163 ಬೀಜ. ಹೀಗೆ ಎಣಿಸಿದರೆ 81ಕ್ಕಿಂತ ಕಡಿಮೆಯಲ್ಲಿ ಆಗುವುದೇ ಇಲ್ಲ. ಒಂದೊಂದು ಮನೆಗೂ ಒಂದು ಬೀಜ ಅಂತ ಎಣಿಸಿದರೆ ಕನಿಷ್ಠ 116. ನಾನು ಈಗ 94ಕ್ಕೆ ಬಂದಿದ್ದೇನೆ. ಉಳಿದ 13 ಎಲ್ಲಿ ಹೋಗುತ್ತಿವೆ ಅಂತ ಸುಮಾರಾಗಿ ಗೊತ್ತಾಗಿದೆ, ಅಗಳಿಯನ್ನು ಮೇಲೆ ಕಳಿಸುವಾಗ ಎರಡು ಸುತ್ತು ಜಾಸ್ತಿ ಹಾಕುತ್ತೇನೆ. 81ರ ಉತ್ತರ ಎಲ್ಲಿ ಹುಡುಕಿದರೂ ಸಿಗುತ್ತದೆ. ನಾನು ನೋಡಿಲ್ಲ.

ಮೊನ್ನೆ ಮಗಳು ತುಂಡುಗಳನ್ನೆಲ್ಲ ತಟ್ಟೆಯಿಂದ ಎತ್ತಿ, ತನಗೆ ಬೇಕಾದಂತೆ ಕೂರಿಸಿ, ಅಗಳಿಯನ್ನು ಬಾಗಿಲ ಮುಂದೆ ಅಡ್ಡ ಇಟ್ಟು ನನ್ನ ಮುಂದೆ ತಂದಳು. "ಪಪ್ಪಾ, ಇದು ಬರ್ತೈತೋ ಇಲ್ಲೋ?" ನನಗೆ ಅಣ್ಣನ ಚಮಚ ನೆನಪಾಯಿತು. ಮೂರು ದಿನದಿಂದ ನಾವಿಬ್ಬರೂ ಅದರ ಮುಂದೆ ಕೂತಿದ್ದೇವೆ.