ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಪ್ರತಿಕಾಯ ಮತ್ತು ಲಸಿಕೆ: ಜಿಲ್ಲೆಯ ಪ್ರಯೋಗಾಲಯದಿಂದ ಕೆಲಸ ಆರಂಭಿಸುವ ಕ್ರಮ

ದಾವಣಗೆರೆ ಮತ್ತು ಚಿತ್ರದುರ್ಗದ ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಿಗೆ ಸುತ್ತಲಿನ ತಾಲ್ಲೂಕುಗಳ ರೋಗಿಗಳ ರಕ್ತ, ಮೂತ್ರ, ಕೀವು ಮತ್ತು ಕಫದ ಮಾದರಿಗಳು ದಿನವೂ ಬರುತ್ತವೆ. ಬೆಳೆದ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ವರದಿ ವಾರ್ಡಿಗೆ ತಲುಪಿದ ಮೇಲೆ ಕಲ್ಚರ್ ಪ್ಲೇಟುಗಳು ಬಿಸಿ ಹಬೆಯಿಂದ ಜೀವಿಗಳನ್ನು ಕೊಲ್ಲುವ ಆಟೋಕ್ಲೇವ್ ಸೇರುತ್ತವೆ. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಚಿಕಿತ್ಸೆಗಾಗಲಿ ಲಸಿಕೆಗಾಗಲಿ ಬೇಕಾದ ಮೊದಲ ಸಾಮಗ್ರಿ ಆ ಪ್ಲೇಟುಗಳಲ್ಲೇ ಇರುತ್ತದೆ. ಪ್ರತಿಕಾಯವನ್ನು ಕಿಲೋಗಟ್ಟಲೆ ತಯಾರಿಸುವ ಕಾರ್ಖಾನೆಯನ್ನು ಇಲ್ಲಿ ಕಟ್ಟಲಾಗದು; ಆದರೆ ಯಾವ ಪ್ರತಿಕಾಯ ತಯಾರಿಸಬೇಕು, ಅದು ನಿಜವಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂಬುದನ್ನು ನಿರ್ಧರಿಸುವ ಪೂರ್ವಾರ್ಧವನ್ನು ಇಲ್ಲಿಯೇ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ದೊಡ್ಡ ಸೋಲುಗಳ ಬೀಜ ಬಿದ್ದಿರುವುದೂ ಈ ಪೂರ್ವಾರ್ಧದಲ್ಲೇ. ಆದ್ದರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಕಿರಿಯ ಅಧ್ಯಾಪಕರಿಗೂ ಉಪಯೋಗವಾಗಲೆಂದು ಈ ಭಾಗವನ್ನೇ ಇಲ್ಲಿ ಹೆಚ್ಚಾಗಿ ವಿವರಿಸಲಾಗಿದೆ.

ಯಾರನ್ನು, ಯಾವಾಗ ಕಾಪಾಡಬೇಕು?

2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧವೇ ನೇರ ಕಾರಣವೆಂದು ಅಂದಾಜಿಸಲಾಗಿದೆ. ಕಾರ್ಬಾಪೆನೆಮ್ ಔಷಧವನ್ನು ಒಡೆಯುವ ಎನ್‌ಡಿಎಂ ಕಿಣ್ವವಿರುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಪ್ರತಿಕಾಯವನ್ನು ಒಡೆಯಲು ಆ ಕಿಣ್ವದಿಂದ ಯಾವ ಸಹಾಯವೂ ಆಗದು, ಏಕೆಂದರೆ ಪ್ರತಿಕಾಯ ಅಂಟಿಕೊಳ್ಳುವುದು ಹೊರಮೈಗೆ. ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳಿಗೂ ಅದು ತೊಂದರೆ ಕೊಡುವುದಿಲ್ಲ. ಈ ಅನುಕೂಲಗಳು ಪ್ರತಿಕಾಯ ಮತ್ತು ಲಸಿಕೆ ಎರಡಕ್ಕೂ ಸಮಾನ. ಎರಡರಲ್ಲಿ ಯಾವುದನ್ನು ಆರಿಸಬೇಕೆಂಬುದು ರೋಗಿಗೆ ಎಷ್ಟು ಸಮಯವಿದೆ ಎಂಬುದನ್ನು ಅವಲಂಬಿಸಿದೆ.

ಅಪಘಾತದಲ್ಲಿ ಗಾಯಗೊಂಡು ವೆಂಟಿಲೇಟರ್ ಮೇಲಿರುವ ರೋಗಿಗೆ ಲಸಿಕೆ ಹಾಕಿ ದೇಹ ಪ್ರತಿಕಾಯ ತಯಾರಿಸಲಿ ಎಂದು ಎರಡು ಮೂರು ವಾರ ಕಾಯಲಾಗದು. ಅವರಿಗೆ ತಯಾರಾದ ಪ್ರತಿಕಾಯವನ್ನೇ ಕೊಡಬೇಕು. ಐಜಿಜಿ ವರ್ಗದ ಪ್ರತಿಕಾಯದ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ರಕ್ತದಲ್ಲಿ ಸುಮಾರು 21 ದಿನಗಳಾದ್ದರಿಂದ ಒಂದು ಡೋಸು ಅಪಾಯದ ಅವಧಿಯನ್ನು ದಾಟಿಸಬಲ್ಲದು. ನವಜಾತ ಶಿಶುವಿನ ರಕ್ತನಂಜಿನ ವಿಷಯ ಬೇರೆ. ಹುಟ್ಟಿದ ಎರಡು ಮೂರು ದಿನಗಳಲ್ಲೇ ಕ್ಲೆಬ್ಸಿಯೆಲ್ಲಾ ಅಥವಾ ಅಸಿನೆಟೊಬ್ಯಾಕ್ಟರ್ ಸೋಂಕು ತಗುಲುವ ಮಗುವಿಗೆ ಲಸಿಕೆ ತಡವಾಯಿತು. ಆದರೆ ಗರ್ಭಿಣಿಗೆ ಲಸಿಕೆ ಹಾಕಿದರೆ ಅವಳ ಐಜಿಜಿ ಕೊನೆಯ ತ್ರೈಮಾಸಿಕದಲ್ಲಿ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟುವ ಮಕ್ಕಳಿಗೆ ಈ ಕಾಣಿಕೆ ಕಡಿಮೆ ದಕ್ಕುತ್ತದೆ, ಸೋಂಕಿನ ಅಪಾಯ ಹೆಚ್ಚಿರುವುದೂ ಅವರಿಗೇ. ಹಾಗಾಗಿ ಶಿಶುಗಳ ಯೋಜನೆ ರೂಪಿಸುವವರು ತಾಯಿಗೆ ಲಸಿಕೆ, ಅಕಾಲ ಶಿಶುವಿಗೆ ಪ್ರತಿಕಾಯ ಎಂಬ ಎರಡೂ ದಾರಿಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಮುದಾಯದಲ್ಲಿ ಹರಡುವ ರೋಗಕ್ಕೆ ಲಸಿಕೆಯೇ ಸರಿ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡ ಮೇಲೆ, ಆ ದೇಶ 2019ರಲ್ಲಿ ಟೈಫಾಯಿಡ್ ಕಾಂಜುಗೇಟ್ (ಬ್ಯಾಕ್ಟೀರಿಯಾದ ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದ) ಲಸಿಕೆಯನ್ನು ಮಕ್ಕಳ ನಿತ್ಯದ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿತು. ಹೀಗೆ ಸೇರಿಸಿದ ದೇಶಗಳಲ್ಲಿ ಅದೇ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ (ಗುಣಮಟ್ಟದ ಮಾನ್ಯತೆ) ಪಡೆದ ಮೊದಲ ಟೈಫಾಯಿಡ್ ಕಾಂಜುಗೇಟ್ ಲಸಿಕೆ ತಯಾರಾದದ್ದು ನಮ್ಮ ಹೈದರಾಬಾದಿನಲ್ಲಿ, ಭಾರತ್ ಬಯೋಟೆಕ್ ಕಂಪನಿಯಲ್ಲಿ.

ಬ್ಯಾಕ್ಟೀರಿಯಾ ಸಂಗ್ರಹ

ಮೊದಲ ವರ್ಷವನ್ನು ಇದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ. ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಪಡೆದು, ಒಬ್ಬ ರೋಗಿಯಿಂದ ಒಂದು ಪ್ರಭೇದದ ಒಂದೇ ಐಸೊಲೇಟ್ (ಮಾದರಿಯಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಇಟ್ಟುಕೊಳ್ಳಬೇಕು. ಒಬ್ಬರದೇ ಐದು ಐಸೊಲೇಟುಗಳಿದ್ದರೆ ಲೆಕ್ಕವೆಲ್ಲ ವಾಲುತ್ತದೆ. ರಕ್ತದಿಂದ ಬಂದವನ್ನು, ಕ್ಯಾತಿಟರ್ ತುದಿ ಅಥವಾ ಕಫದಿಂದ ಬಂದವುಗಳಿಂದ ಬೇರೆ ಗುರುತಿಸಬೇಕು, ಏಕೆಂದರೆ ಎರಡನೆಯ ಗುಂಪಿನಲ್ಲಿ ಸೋಂಕು ಮಾಡದೆ ಸುಮ್ಮನೆ ವಾಸವಾಗಿದ್ದವು ಬಹಳ ಇರುತ್ತವೆ. ತಾರೀಖು, ವಾರ್ಡಿನ ಬಗೆ, ವಯೋಮಾನ, ಔಷಧ ಸಂವೇದನೆಯ ಫಲಿತಾಂಶ ಇಷ್ಟು ದಾಖಲಾದರೆ ಸಾಕು. ರೋಗಿಯ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ ಈ ಪುಸ್ತಕಕ್ಕೆ ಬರಕೂಡದು.

ಪ್ರತಿ ಐಸೊಲೇಟನ್ನೂ ಶೇಕಡಾ 15ರಿಂದ 20ರಷ್ಟು ಗ್ಲಿಸರಾಲ್ ಇರುವ ದ್ರವದಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಪ್ಲೇಟಿನಿಂದ ಪ್ಲೇಟಿಗೆ ಹತ್ತಾರು ಬಾರಿ ಸಾಗಿಸಿದರೆ ಕ್ಲೆಬ್ಸಿಯೆಲ್ಲಾ ತನ್ನ ಸಕ್ಕರೆಯ ಕವಚವನ್ನೇ ಕಳೆದುಕೊಳ್ಳಬಹುದು, ಆಮೇಲೆ ನಡೆಸಿದ ಪರೀಕ್ಷೆ ರೋಗಿಯ ದೇಹದಲ್ಲಿ ಇಲ್ಲದ ಯಾವುದೋ ಜೀವಿಯ ಮೇಲೆ ನಡೆಸಿದ ಪರೀಕ್ಷೆಯಾಗುತ್ತದೆ. ಆದ್ದರಿಂದ ಮೊದಲ ಅಥವಾ ಎರಡನೆಯ ಬೆಳೆಯಿಂದಲೇ ಹಲವು ವಯಲ್ ಮಾಡಿ, ಪ್ರತಿ ಪ್ರಯೋಗಕ್ಕೂ ಹೊಸ ವಯಲ್ ತೆರೆಯುವುದು ಕ್ರಮ. ಬೇಸಿಗೆಯಲ್ಲಿ ವಿದ್ಯುತ್ ಕೈಕೊಡುವುದು ನಮ್ಮ ಕಡೆ ಹೊಸದಲ್ಲ. ಎರಡನೆಯ ಸೆಟ್ಟನ್ನು ಬೇರೊಂದು ಕಟ್ಟಡದ ಫ್ರೀಜರಿನಲ್ಲಿಡಬೇಕು, ಅದೇ ಫ್ರೀಜರಿನ ಕೆಳಗಿನ ಅರೆಯಲ್ಲಲ್ಲ.

ಗುರಿಯ ಆಯ್ಕೆ

ಪ್ರತಿಕಾಯ ಅಂಟಬೇಕಾದ ಗುರಿ ಬ್ಯಾಕ್ಟೀರಿಯಾದ ಹೊರಗೆ ತೋರುವಂತಿರಬೇಕು, ಸಂಗ್ರಹದ ಬಹುಪಾಲು ಐಸೊಲೇಟುಗಳಲ್ಲಿ ಇರಬೇಕು, ಸುಲಭವಾಗಿ ಬದಲಾಗಬಾರದು ಮತ್ತು ಮನುಷ್ಯರ ದೇಹದ ಯಾವ ವಸ್ತುವನ್ನೂ ಹೋಲಬಾರದು. ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ಉದಾಹರಣೆಗೆ, ಶಿಶುಗಳಲ್ಲಿ ಮಿದುಳು ಪೊರೆಯ ಉರಿಯೂತ ತರುವ ಇ. ಕೋಲೈ ಕೆ1ರ ಕವಚ ಮನುಷ್ಯರ ನರಕೋಶಗಳ ಮೇಲಿರುವ ಪಾಲಿಸಯಾಲಿಕ್ ಆಮ್ಲವನ್ನೇ ಹೋಲುವುದರಿಂದ, ಉಳಿದೆಲ್ಲ ಗುಣಗಳಿದ್ದರೂ ಅದನ್ನು ಲಸಿಕೆಗೆ ಬಳಸಲು ಹಿಂಜರಿಯುತ್ತಾರೆ.

ಕ್ಲೆಬ್ಸಿಯೆಲ್ಲಾದ ಹೊರಮೈಯನ್ನು ಚಳ್ಳಕೆರೆಯ ಕಡೆಯವರಿಗೆ ಶೇಂಗಾ ಕಾಯಿಯನ್ನು ತೋರಿಸಿ ವಿವರಿಸಬಹುದು. ಗಟ್ಟಿ ಸಿಪ್ಪೆಯ ಜಾಗದಲ್ಲಿ ಕೆ ಪ್ರತಿಜನಕ (ಪ್ರತಿಕಾಯ ಗುರುತಿಸಿ ಅಂಟುವ ವಸ್ತು) ಎನ್ನುವ ಕವಚ, ಒಳಗೆ ಬೀಜಕ್ಕೆ ಅಂಟಿದ ಕೆಂಪು ಪೊರೆಯ ಜಾಗದಲ್ಲಿ ಓ ಪ್ರತಿಜನಕ. ಕವಚದಲ್ಲಿ 70ಕ್ಕೂ ಹೆಚ್ಚು ಬಗೆಗಳಿವೆ, ಜೀನೋಮ್ ನೋಡಿದರೆ ಇನ್ನೂ ಹೆಚ್ಚು. ಓ ಬಗೆಗಳು ಒಂದು ಡಜನ್ ಆಸುಪಾಸು ಮಾತ್ರ. ಓ ಪ್ರತಿಜನಕವನ್ನು ಆರಿಸಿದರೆ ಕೆಲವೇ ಘಟಕಗಳಲ್ಲಿ ಬಹಳಷ್ಟು ಸೋಂಕುಗಳನ್ನು ಮುಟ್ಟಬಹುದೆನಿಸುತ್ತದೆ, ಆದರೆ ದಪ್ಪ ಕವಚವಿರುವ ಐಸೊಲೇಟಿನಲ್ಲಿ ಪ್ರತಿಕಾಯ ಆ ಪೊರೆಯನ್ನು ತಲುಪುವುದೇ ಕಷ್ಟ. ಕವಚವನ್ನೇ ಆರಿಸಿದರೆ ತಲುಪುವುದು ಸುಲಭ, ಘಟಕಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ಇಕ್ಕಟ್ಟಿನ ಉತ್ತರ ಪುಸ್ತಕದಲ್ಲಿ ಸಿಗದು. ಸ್ವಂತ ಸಂಗ್ರಹದ ರಕ್ತದ ಐಸೊಲೇಟುಗಳಲ್ಲಿ ಕವಚಕ್ಕೆ ಸಂಬಂಧಿಸಿದ ಡಬ್ಲ್ಯುಜೆಡ್ಐ (wzi) ಜೀನ್ ಅನುಕ್ರಮ ಓದಿಸಿ ಕವಚದ ಬಗೆಗಳನ್ನು ಅಂದಾಜಿಸಬೇಕು; ಹಣವಿದ್ದರೆ ಪೂರ್ಣ ಜೀನೋಮ್ ಓದಿಸಿ, ಕ್ಯಾಪ್ಟಿವ್ ಎಂಬ ಉಚಿತ ತಂತ್ರಾಂಶದಿಂದ ಕೆ ಮತ್ತು ಓ ಎರಡನ್ನೂ ಗುರುತಿಸಬಹುದು. ಸ್ಥಳೀಯ ಸಂಗ್ರಹದ ಬೆಲೆ ಗೊತ್ತಾಗುವುದು ಇಲ್ಲಿ: ಬೇರೆ ಖಂಡದ ಆಸ್ಪತ್ರೆಗಳ ಬಗೆಗಳನ್ನು ನೋಡಿ ರೂಪಿಸಿದ ಲಸಿಕೆ ನಮ್ಮ ಶಿಶು ವಾರ್ಡಿನ ಬಗೆಗಳನ್ನು ಬಿಟ್ಟಿರಬಹುದು.

ಮೂರನೆಯ ದಾರಿ, ಬ್ಯಾಕ್ಟೀರಿಯಾವನ್ನು ಬಿಟ್ಟು ಅದರ ನಂಜನ್ನು ಹಿಡಿಯುವುದು. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಡಿಫ್ತೀರಿಯಾ ಮತ್ತು ಧನುರ್ವಾಯುವಿಗೆ ಸೀರಮ್ ಚಿಕಿತ್ಸೆ ತೋರಿಸಿಕೊಟ್ಟದ್ದು ಇದೇ ತತ್ತ್ವದ ಮೇಲೆ. ಭೇದಿ ತರುವ ಬ್ಯಾಕ್ಟೀರಿಯಾವಾದ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬಿ ನಂಜನ್ನು ಹಿಡಿಯುವ ಬೆಜ್ಲೊಟಾಕ್ಸುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು, ರೋಗ ಮರುಕಳಿಸುವುದನ್ನು ಅದು ಕಡಿಮೆ ಮಾಡಿತು. ಹೀಗಿದ್ದೂ ಕಂಪನಿ 2025ರ ಜನವರಿಯಲ್ಲಿ ಅದರ ಮಾರಾಟ ನಿಲ್ಲಿಸಿತು. ಕೆಲಸ ಮಾಡುವ ಪ್ರತಿಕಾಯಕ್ಕೂ ಮಾರುಕಟ್ಟೆಯಲ್ಲಿ ನೆಲೆ ಖಚಿತವಿಲ್ಲ ಎಂಬುದನ್ನು ಅರ್ಜಿ ಬರೆಯುವಾಗಲೇ ನೆನಪಿಟ್ಟುಕೊಳ್ಳಬೇಕು.

ಪ್ರತಿಕಾಯ ಪಡೆಯುವುದು

1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ರೂಪಿಸಿದ, ಇಲಿಯ ಪ್ರತಿಕಾಯ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆಯುವ ಹೈಬ್ರಿಡೋಮಾ ವಿಧಾನ ಇಂದಿಗೂ ಬಳಕೆಯಲ್ಲಿದೆ. ಇಲಿಯ ಪ್ರತಿಕಾಯವನ್ನು ಮಾನವೀಕರಿಸುವ (ಮನುಷ್ಯರ ಪ್ರತಿಕಾಯವನ್ನು ಹೋಲುವಂತೆ ಮಾರ್ಪಡಿಸುವ) ಶ್ರಮ ಬೇಡವೆನ್ನುವವರು, ಸೋಂಕಿನಿಂದ ಚೇತರಿಸಿಕೊಂಡ ರೋಗಿಯ ರಕ್ತದಿಂದ ಗುರಿಗೆ ಅಂಟುವ, ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಅವುಗಳ ಪ್ರತಿಕಾಯ ಜೀನುಗಳನ್ನು ತೆಗೆಯುತ್ತಾರೆ. ಜಿಲ್ಲಾ ಆಸ್ಪತ್ರೆಯ ಪಾಲು ಇಲ್ಲಿ ದೊಡ್ಡದು: ರೋಗಿ ಯಾರು, ಯಾವ ಬಗೆಯ ಬ್ಯಾಕ್ಟೀರಿಯಾದಿಂದ ಚೇತರಿಸಿಕೊಂಡರು ಎಂಬುದು ಗೊತ್ತಿರುವುದು ವಾರ್ಡಿನ ವೈದ್ಯರಿಗೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಆ ರಕ್ತದಿಂದ ಮುಂದೆ ಮಾರಾಟದ ಔಷಧ ಹುಟ್ಟಬಹುದೆಂಬ ಮಾತೂ ಅದರಲ್ಲಿ ಸ್ಪಷ್ಟವಾಗಿರಬೇಕು.

ಜೀನುಗಳು ಸಿಕ್ಕ ಮೇಲೆ ಅವುಗಳನ್ನು ಹ್ಯಾಮ್‌ಸ್ಟರ್ ಪ್ರಾಣಿ ಮೂಲದ ಸಿಎಚ್‌ಓ ಕೋಶಗಳಲ್ಲಿ ಸೇರಿಸಿ, ತಯಾರಾದ ಪ್ರತಿಕಾಯವನ್ನು ಪ್ರೋಟೀನ್ ಎ ಕಾಲಮ್ಮಿನಲ್ಲಿ ಶುದ್ಧಗೊಳಿಸುತ್ತಾರೆ. ಈ ಪ್ರೋಟೀನ್ ಎ ಬಂದಿರುವುದು ಸ್ಟ್ಯಾಫ್ ಎಂದು ಕರೆಯುವ ಬ್ಯಾಕ್ಟೀರಿಯಾವಾದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಿಂದ. ನಮ್ಮ ಪ್ರತಿಕಾಯಗಳನ್ನು ಬಾಲದ ಕಡೆಯಿಂದ ಹಿಡಿದು ನಿಷ್ಫಲಗೊಳಿಸಲು ಅದು ಬೆಳೆಸಿಕೊಂಡ ಆಯುಧವನ್ನೇ ಉದ್ಯಮ ಎರವಲು ಪಡೆದಿದೆ. ಇದರಿಂದ ಪ್ರಯೋಗಕ್ಕೊಂದು ತೊಡಕೂ ಇದೆ: ಇಡೀ ಸ್ಟ್ಯಾಫ್ ಕೋಶಗಳ ಮೇಲೆ ಎಲಿಸಾ (ಪ್ರತಿಕಾಯ ಅಂಟಿತೇ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆ) ಮಾಡಿದರೆ ಯಾವ ಪ್ರತಿಕಾಯವಾದರೂ ಅಂಟಿದಂತೆ ತೋರುತ್ತದೆ. ಪ್ರೋಟೀನ್ ಎ ಇಲ್ಲದ ರೂಪಾಂತರಿ ತಳಿಯನ್ನೋ ಬಾಲ ಕತ್ತರಿಸಿದ ಪ್ರತಿಕಾಯದ ತುಂಡನ್ನೋ ಬಳಸದೆ ಬಂದ ಫಲಿತಾಂಶವನ್ನು ನಂಬಬಾರದು.

ಅಂಟಿದ್ದೆಲ್ಲ ಕೊಲ್ಲುವುದಿಲ್ಲ

ಎಲಿಸಾ ಪ್ಲೇಟು ಗಾಢ ಹಳದಿಗೆ ತಿರುಗಿದರೆ ಪ್ರತಿಕಾಯ ಅಂಟಿತೆಂದು ಮಾತ್ರ ಅರ್ಥ. ಬ್ಯಾಕ್ಟೀರಿಯಾ ಸಾಯಬೇಕಾದರೆ ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಕ ಪ್ರೋಟೀನುಗಳು ಅದರ ಮೇಲೆ ಕೂರಬೇಕು, ಬಿಳಿ ರಕ್ತಕಣ ಅದನ್ನು ನುಂಗಬೇಕು. ಇದನ್ನು ಅಳೆಯುವ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ, ಪ್ರತಿಕಾಯ, ಮರಿ ಮೊಲದ ಸೀರಮ್ಮಿನ ಕಾಂಪ್ಲಿಮೆಂಟ್ ಮತ್ತು ಮನುಷ್ಯರ ರಕ್ತಕ್ಯಾನ್ಸರ್ ಮೂಲದ ಎಚ್‌ಎಲ್-60 ಕೋಶಗಳನ್ನು ಕೂಡಿಸಿ, ನಿಗದಿತ ಅವಧಿಯ ನಂತರ ಉಳಿದ ಕಾಲೊನಿಗಳನ್ನು ಎಣಿಸುತ್ತಾರೆ. ಎಚ್‌ಎಲ್-60 ಕೋಶಗಳನ್ನು ಡೈಮಿಥೈಲ್‌ಫಾರ್ಮಮೈಡ್‌ನಲ್ಲಿ ಐದಾರು ದಿನ ಬೆಳೆಸಿದರೆ ಅವು ಬಿಳಿ ರಕ್ತಕಣವಾದ ನ್ಯೂಟ್ರೊಫಿಲ್‌ನಂತೆ ವರ್ತಿಸುತ್ತವೆ, ದಿನವೂ ಯಾರದೋ ರಕ್ತ ಬೇಡುವ ಪ್ರಮೇಯ ಬರುವುದಿಲ್ಲ.

ಈ ಪರೀಕ್ಷೆಗೆ ಕೋಶಗಳನ್ನು ಬೆಳೆಸುವ ಕೋಣೆ, ಎರಡನೆಯ ಹಂತದ ಜೈವಿಕ ಸುರಕ್ಷತೆ ಮತ್ತು ಸಹನೆ ಇದ್ದರೆ ಸಾಕು. ಆದರೆ ಹೋಲಿಕೆಯ ಗುಂಪುಗಳನ್ನು ಬಿಡಬಾರದು. 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ನಿಷ್ಕ್ರಿಯಗೊಳಿಸಿದ ಕಾಂಪ್ಲಿಮೆಂಟ್, ಸಂಬಂಧವಿಲ್ಲದ ಪ್ರತಿಕಾಯ ಮತ್ತು ಪ್ರತಿಕಾಯವೇ ಇಲ್ಲದ ಬಾವಿ (ಪ್ಲೇಟಿನ ಕುಳಿ), ಈ ಮೂರೂ ಪ್ರತಿ ಪ್ಲೇಟಿನಲ್ಲೂ ಇರಬೇಕು. ಇವಿಷ್ಟೂ ಇದ್ದ ಮೇಲೂ ಮೋಸ ಹೋಗುವ ಜಾಗವೊಂದಿದೆ: ಪ್ರತಿಕಾಯಕ್ಕೆ ಎರಡು ಕೈಗಳಿರುವುದರಿಂದ ಅದು ಬ್ಯಾಕ್ಟೀರಿಯಾಗಳನ್ನು ಗುಂಪುಗೂಡಿಸಬಲ್ಲದು, ಹತ್ತು ಬ್ಯಾಕ್ಟೀರಿಯಾ ಒಟ್ಟಾಗಿ ಒಂದೇ ಕಾಲೊನಿಯಾಗಿ ಬೆಳೆದಾಗ ಒಂಬತ್ತು ಸತ್ತವೆಂದು ಲೆಕ್ಕ ಬರುತ್ತದೆ. ಬಿಳಿ ಕೋಶಗಳಿಲ್ಲದ ಬಾವಿಯಲ್ಲೂ ಅಷ್ಟೇ ಇಳಿಕೆ ಕಂಡರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಪ್ರತಿಕಾಯದ ಮಾದರಿಯಲ್ಲಿ ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ಕೋಶದ ನಂಜು ಬೆರೆತಿದ್ದರೂ ಅದು ಬಿಳಿ ಕೋಶಗಳನ್ನು ಕೆರಳಿಸಿ ಸುಳ್ಳು ಯಶಸ್ಸು ತೋರಿಸಬಹುದು; ಮೊದಲೇ ಅಳೆದಿಟ್ಟುಕೊಳ್ಳುವುದು ಅಗ್ಗ.

ಪರೀಕ್ಷೆಯನ್ನು ಒಂದೆರಡು ಹೆಸರಾಂತ ತಳಿಗಳ ಮೇಲೆ ಮಾಡಿ ನಿಲ್ಲಿಸದೆ, ಸಂಗ್ರಹದ ಹತ್ತಿಪ್ಪತ್ತು ರಕ್ತದ ಐಸೊಲೇಟುಗಳ ಮೇಲೆ ನಡೆಸಬೇಕು. ಅರ್ಧಕ್ಕಿಂತ ಕಡಿಮೆ ಐಸೊಲೇಟುಗಳನ್ನು ಕೊಲ್ಲುವ ಪ್ರತಿಕಾಯವನ್ನು, ಅದು ಎಷ್ಟೇ ಬಿಗಿಯಾಗಿ ಅಂಟಿದರೂ, ನಾನಾದರೆ ಮುಂದಕ್ಕೆ ಒಯ್ಯುವುದಿಲ್ಲ.

ಇಲಿಯ ಫಲಿತಾಂಶಕ್ಕೂ ಮಿತಿಯಿದೆ. ಸ್ಟ್ಯಾಫ್‌ನ ಬಿಳಿ ಕಣ ಕೊಲ್ಲುವ ನಂಜುಗಳಲ್ಲಿ ಕೆಲವು ಮನುಷ್ಯರ ಕೋಶಗಳಿಗೆ ಅಂಟುತ್ತವೆ, ಇಲಿಯ ಕೋಶಗಳಿಗೆ ಅಷ್ಟಾಗಿ ಅಂಟುವುದಿಲ್ಲ. ಮರ್ಕ್ ಕಂಪನಿಯ ವಿ710 ಎಂಬ ಸ್ಟ್ಯಾಫ್ ಲಸಿಕೆಯ ಕಥೆಯನ್ನು ಈ ಕೆಲಸಕ್ಕೆ ಇಳಿಯುವವರೆಲ್ಲ ಓದಬೇಕು. ಪ್ರಾಣಿಗಳಲ್ಲಿ ಅದು ರಕ್ಷಣೆ ಕೊಟ್ಟಿತ್ತು, ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾಗಲಿದ್ದ ಸುಮಾರು 8000 ಜನರಲ್ಲಿ ನಡೆದ ಪರೀಕ್ಷೆಯಲ್ಲಿ ಪ್ರತಿಕಾಯಗಳೂ ಚೆನ್ನಾಗಿಯೇ ಹುಟ್ಟಿದವು. ಆದರೆ ಸೋಂಕು ತಡೆಯಲಾಗಲಿಲ್ಲ, ಸೋಂಕು ತಗುಲಿದವರ ಪೈಕಿ ಲಸಿಕೆ ಪಡೆದವರಲ್ಲೇ ಸಾವು ಹೆಚ್ಚಾಗಿತ್ತು. 2011ರಲ್ಲಿ ಪರೀಕ್ಷೆ ನಿಂತಿತು.

ಲಸಿಕೆಯಾಗಿಸುವಾಗ

ಸಕ್ಕರೆಯ ಸರಪಳಿಯೊಂದನ್ನೇ ಕೊಟ್ಟರೆ ಎರಡು ವರ್ಷದೊಳಗಿನ ಮಕ್ಕಳ ದೇಹ ಸರಿಯಾಗಿ ಸ್ಪಂದಿಸದು, ನೆನಪೂ ಉಳಿಯದು. ಅದನ್ನು ಟೆಟನಸ್ ಟಾಕ್ಸಾಯ್ಡ್ ಅಥವಾ ಸಿಆರ್‌ಎಂ197ನಂಥ ವಾಹಕ ಪ್ರೋಟೀನಿಗೆ ಬೆಸೆದರೆ ರೋಗನಿರೋಧಕ ಟಿ ಕೋಶಗಳ ಸಹಾಯ ದೊರೆಯುತ್ತದೆ. ಬೆಸೆಯದೆ ಉಳಿದ ಸಕ್ಕರೆಯ ಪ್ರಮಾಣವನ್ನು ಪ್ರತಿ ಬ್ಯಾಚಿನಲ್ಲೂ ಅಳೆಯಬೇಕು. ಇದು ರಸಾಯನಶಾಸ್ತ್ರದ ಪರಿಣತಿ ಬೇಡುವ ಕೆಲಸವಾದ್ದರಿಂದ ಪಾಲುದಾರರನ್ನು ಹುಡುಕುವುದೇ ಲೇಸು.

ಅನುಮತಿ, ಹಣ, ಸಾಗಣೆ

ಜೀನ್ ಮಾರ್ಪಾಡಿನ ಕೆಲಸಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಮತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿಯಾದ ಆರ್‌ಸಿಜಿಎಂ, ಪ್ರಾಣಿ ಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿ, ಮನುಷ್ಯರ ಮೇಲಿನ ಪರೀಕ್ಷೆಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕು. ಆರಂಭಿಕ ಹಣಕ್ಕೆ ಕೇಂದ್ರ ಸರ್ಕಾರದ ಸಂಸ್ಥೆಯಾದ ಬೈರಾಕ್‌ನ ಬಿಗ್ ಅನುದಾನವಿದೆ, ಅದರ ಮಿತಿ 50 ಲಕ್ಷ ರೂಪಾಯಿ. ಔಷಧ ನಿರೋಧಕ್ಕೆಂದೇ 2016ರಲ್ಲಿ ಹುಟ್ಟಿದ ಕಾರ್ಬ್-ಎಕ್ಸ್ ಎಂಬ ಅಂತರರಾಷ್ಟ್ರೀಯ ನಿಧಿಗೆ ಭಾರತದಲ್ಲಿ ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಸಂಶೋಧನಾ ಕೇಂದ್ರ ಸಹಭಾಗಿಯಾಗಿ ಕೆಲಸ ಮಾಡಿದೆ.

ಐಸೊಲೇಟುಗಳನ್ನು ಬೆಂಗಳೂರಿಗೆ ಕಳಿಸುವಾಗ ರಾತ್ರಿ ಬಸ್ಸಿನ ಪಾರ್ಸೆಲ್ಲಿಗೆ ಹಾಕುವಂತಿಲ್ಲ. ಸೋಂಕು ವಸ್ತು ಸಾಗಿಸಲು ಒಪ್ಪುವ ಕೊರಿಯರ್ ಮೂಲಕ, ಸೋರದ ಒಳಡಬ್ಬಿ, ಹೀರುವ ಹತ್ತಿಯಿರುವ ನಡುಡಬ್ಬಿ ಮತ್ತು ಗಟ್ಟಿ ಹೊರಪೆಟ್ಟಿಗೆ ಹೀಗೆ ಮೂರು ಪದರದಲ್ಲಿ ಕಟ್ಟಬೇಕು. ಒಣ ಮಂಜುಗಡ್ಡೆ ಸಿಗದಿದ್ದರೆ ಅಗಾರ್ ಚುಚ್ಚುನಳಿಕೆಯಲ್ಲಿ ಕಳಿಸಿದರೂ ಕ್ಲೆಬ್ಸಿಯೆಲ್ಲಾ ಕೆಲವು ದಿನ ಬದುಕಿರುತ್ತದೆ.

ಪೆಟ್ಟಿಗೆ ಹೊರಡುವ ಮೊದಲು ವಸ್ತು ಹಸ್ತಾಂತರ ಒಪ್ಪಂದಕ್ಕೆ ಎರಡೂ ಸಂಸ್ಥೆಗಳ ಮುಖ್ಯಸ್ಥರ ಸಹಿ ಬೀಳಬೇಕು. ಐಸೊಲೇಟಿನ ಒಡೆತನ ಯಾರದು, ಮೂರನೆಯವರಿಗೆ ಕೊಡಬಹುದೇ, ಪ್ರಕಟಣೆಯಲ್ಲಿ ಜಿಲ್ಲೆಯ ವೈದ್ಯರ ಹೆಸರು ಲೇಖಕರಾಗಿ ಬರುತ್ತದೆಯೇ, ಪೇಟೆಂಟಿನಲ್ಲಿ ಕಾಲೇಜಿನ ಪಾಲೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಲಿಖಿತ ಉತ್ತರವಿರಬೇಕು. ಸ್ನೇಹದ ಮೇಲೆ ಕಳಿಸಿ ಆಮೇಲೆ ಕೇಳಿದರೆ ಆ ಉತ್ತರ ಸಿಗುವುದು ಕಷ್ಟ.